ಗುಣಿಗೆ ಇಳಿಯಬೇಕಾದವರು

ಫೋನು ಕಿಟಕಿಯ ಕಟ್ಟೆಯ ಮೇಲೆ ತನ್ನಷ್ಟಕ್ಕೆ ತಾನೇ ತೆವಳುತ್ತಿದೆ, ಗುಂಯ್ ಎನ್ನುತ್ತ ಕರಿಯ ಹುಳುವಿನ ಹಾಗೆ ಅಂಚಿನ ಕಡೆಗೆ ಬರುತ್ತಿದೆ, ಬಿದ್ದೀತು, ಹಿಡಿಯಬೇಕು ಎಂದುಕೊಳ್ಳುತ್ತೇನೆ, ಆದರೆ ಮಡಿಲ ತುಂಬ ಬಿಲ್ವಪತ್ರೆ, ಹುಳು ತಿನ್ನದ ಮೂರೆಸಳಿನದನ್ನು ಆರಿಸಿ ಆರಿಸಿ ತಟ್ಟೆಗೆ ಹಾಕುತ್ತಿದ್ದೇನೆ, ಪೂಜೆ ಇನ್ನೂ ಆಗಿಲ್ಲ, ತುಮಕೂರಿನ ಬೀದಿಯಲ್ಲಿ ಹಾಲಿನವನ ಗಾಡಿ ಈಗಷ್ಟೇ ಹೋಯಿತು — ಅದು ಇವತ್ತಿನ ಬೆಳಗೇ ಏನು, ಇವತ್ತಿನದೇ, ಆದರೂ ಯಾವುದೋ ಹಳೆಯ ವರ್ಷದ್ದೆಂಬಂತೆ ದೂರ ನಿಂತಿದೆ. ಪರದೆಯ ಮೇಲೆ ಇಂಪನಾ ಎಂದು ಹೆಸರು, ನನ್ನ ಮಗಳು ನಂದಿತಾ ತಾನೇ ಹಾಕಿಕೊಟ್ಟದ್ದು, ಬೇಕಾಗುತ್ತೆ ಇಟ್ಕೊಳಮ್ಮ ಎಂದು, ಆ ಹುಡುಗಿ ಒಂದು ದಿನವೂ ತಾನಾಗಿ ನನಗೆ ಫೋನು ಮಾಡಿದವಳಲ್ಲ. ಅಮ್ಮಾ, ನಂದಿತಾ ಹೋಗ್ಬಿಟ್ಲು, ಅಂದಳು. ಎಲ್ಲಿಗವ್ವ ಎಂದು ಕೇಳಿದೆ. ಆ ಕಡೆ ಫೋನು ನನ್ನ ಮಗ ರೇಣುಕಾಪ್ರಸಾದನ ಕೈಗೆ ಹೋಯಿತು, ನಿನ್ನೆ ಸಂಜೆ ಯಾರೋ ವ್ಯಾಪಾರದವರನ್ನು ನೋಡಬೇಕೆಂದು ನನಗೆ ಹೇಳಿ ಹೋಗಿದ್ದವನು, ಅಮ್ಮ, ಕೂತ್ಕೋ, ಮೊದ್ಲು ನೀನು ಕೂತ್ಕೋ. ಕೂತೇ ಇದ್ದೆ. ಆಗಿನಿಂದ ಎಲ್ಲರೂ ನನ್ನನ್ನು ಕೂರಿಸುತ್ತಲೇ ಇದ್ದಾರೆ, ಜಗಲಿಯ ಮೇಲೆ, ಕಾರಿನಲ್ಲಿ, ಈಗ ಹೆಬ್ಬೂರಿನ ನಮ್ಮ ತೆಂಗಿನ ತೋಟದಲ್ಲಿ ಈ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎದುರಿಗೆ ನಂದಿತಾಳೂ ಕೂತಿದ್ದಾಳೆ. ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಹಣೆಗೆ ವಿಭೂತಿ ಬಳಿದು, ಕಾಲು ಮಡಿಸಿ, ಪೂಜೆಗೆ ಕೂತಂತೆ ಕೂರಿಸಿ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಹೂವಿನ ಮಂಟಪದೊಳಗೆ ಕತ್ತು ಕೊಂಚ ವಾಲಿದೆ, ಚಿಕ್ಕವಳಿದ್ದಾಗ ಬಸ್ಸಿನಲ್ಲಿ ನಿದ್ದೆ ಹೋದಾಗ ಹೀಗೇ ವಾಲುತ್ತಿತ್ತು, ನಾನು ಭುಜ ಕೊಡುತ್ತಿದ್ದೆ. ಸೋಗೆಯ ನೆರಳು ಅವಳ ಮುಖದ ಮೇಲೆ ಹೋಗುತ್ತದೆ, ಬರುತ್ತದೆ, ನೆರಳು ಸರಿದಾಗಲೆಲ್ಲ ಕಣ್ಣು ಬಿಡುತ್ತಾಳೇನೋ ಎಂದು ನೋಡುತ್ತೇನೆ.

ನಂದಿತಾ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿಂದ ಸಂಜೆ, ಇಂಪನಾ ಜೊತೆಗಿದ್ದ ಗುಬ್ಬಿಯ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಳಂತೆ, ತಲೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಸಿದಳಂತೆ, ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ಇಂಪನಾ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ತುಮಕೂರಿಗೆ ತಂದಳು, ಆಸ್ಪತ್ರೆಯ ಬಾಗಿಲಲ್ಲಿ ನೀವು ಪೇಷೆಂಟಿಗೆ ಏನಾಗ್ಬೇಕು ಎಂದು ಕೇಳಿದರು, ಫ್ರೆಂಡು ಅಂದಳು, ಹಂಗಾದ್ರೆ ಹೊರಗಿರಿ, ಮನೆಯವರನ್ನ ಕರೆಸಿ ಅಂದರು. ಪ್ರಸಾದು ಹೋಗಿ ಒಳಗೆ ಕೂತ, ಅವಳು ಗಾಜಿನ ಆಚೆ ನಿಂತಳು, ಬೆಳಗಿನ ಜಾವ ಡಾಕ್ಟರು ಬಂದು ಪ್ರಸಾದನಿಗೆ ಹೇಳಿದರು, ಅವಳಿಗೆ ಅವನ ಮುಖ ನೋಡಿ ತಿಳಿಯಿತು. ಇದನ್ನು ಅವನೇ ಕಾರಿನಲ್ಲಿ ನನಗೆ ಹೇಳಿದ, ಕಲ್ಲಿನಂಥವನಲ್ಲ ನನ್ನ ಮಗ, ಹೇಳುತ್ತ ಹೇಳುತ್ತ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತ, ಹಿಂದಿನ ಗಾಡಿಯವರು ಹಾರನ್ನು ಹಾಕಿದರು. ಅದಕ್ಕೂ ಮೊದಲು ಮನೆಯಲ್ಲಿ ನಂದಿತಾಳಿಗೆ ಸ್ನಾನ ಮಾಡಿಸುವಾಗ ಸೊಸೆ ಅಕ್ಷತಾ ನನ್ನ ಕಿವಿಯ ಹತ್ತಿರ ಬಾಗಿ, ಅತ್ತೆ, ಲಿಂಗ ಇಲ್ಲ, ಅಂದಳು. ದೀಕ್ಷೆಯಾದ ದಿನದಿಂದ ಅವಳ ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇದ್ದ ಇಷ್ಟಲಿಂಗ, ಗುಣಿಯಲ್ಲಿ ಕೂರಿಸಿದ ಮೇಲೆ ಅದನ್ನೇ ಎಡದ ಅಂಗೈಯಲ್ಲಿಟ್ಟು ಮಣ್ಣು ಮುಚ್ಚಬೇಕು, ಅದಿಲ್ಲದೆ ಹೇಗೆ ಕಳಿಸುವುದು. ಬೆಳ್ಳಿ ಅಲ್ವಾ, ಯಾರ ಜೇಬು ಸೇರ್ತೋ, ಎಂದು ಯಾರೋ ಅಂದರು. ಮಠದಿಂದ ಬೇರೇದು ತರಿಸ್ತೀನಿ ಬಿಡಮ್ಮ ಎಂದ ಪ್ರಸಾದು. ಬೇರೆಯದು ಎಲ್ಲಿಂದ ಬಂತು, ಗುರುಗಳು ಅವಳ ಕೈಗೆ ಕೊಟ್ಟದ್ದು ಅದೊಂದೇ. ಅಷ್ಟರಲ್ಲಿ ಗೇಟಿನ ಹೊರಗೆ ನಿಂತಿದ್ದ ಇಂಪನಾ ಒಳಗೆ ಬಂದಳು, ಯಾರೂ ಕರೆದಿರಲಿಲ್ಲ, ಕುರ್ತಾದ ಕತ್ತಿನೊಳಗಿಂದ ದಾರ ಎಳೆದಳು, ಅವಳ ಕೊರಳಲ್ಲಿ ನನ್ನ ಮಗಳ ಕರಡಿಗೆ. ಸ್ಕ್ಯಾನಿಂಗ್ ಮಾಡೋಕೆ ಮುಂಚೆ ನರ್ಸು ಬಿಚ್ಚಿ ಕೈಗೆ ಕೊಟ್ರು ಅಮ್ಮ, ಬ್ಯಾಗಲ್ಲಿ ಹಾಕ್ಕೊಳೋಕೆ ಮನ್ಸು ಬರ್ಲಿಲ್ಲ, ಮೈ ಬಿಟ್ಟು ಲಿಂಗ ಇರ್ಬಾರ್ದು ಅಂತ ಅವಳೇ ಹೇಳ್ತಿದ್ಲು, ಅದಕ್ಕೇ ಅವಳು ಆಚೆ ಬರೋವರ್ಗೆ ಅಂತ ನಾನು ಹಾಕ್ಕೊಂಡೆ. ದೀಕ್ಷೆ ಇಲ್ಲದ ಕೊರಳು, ನಮ್ಮವರೂ ಅಲ್ಲ, ಭಾನುವಾರ ಬಂದರೆ ಕೋಳಿ ಸಾರು ಮಾಡುವ ಮನೆಯ ಹುಡುಗಿ, ಹಾಗೆ ಇನ್ನೊಬ್ಬರ ಲಿಂಗವನ್ನು ಧರಿಸುವಂತಿಲ್ಲ ಎಂದು ಅವಳಿಗೆ ಯಾರು ಹೇಳಿಕೊಟ್ಟಾರು. ಕೈ ಚಾಚಿದೆ, ಇಟ್ಟಳು. ನಂದಿತಾಳ ಮೈ ತಣ್ಣಗಾಗಿತ್ತು, ಕರಡಿಗೆ ಬೆಚ್ಚಗಿತ್ತು.

ಬೆಚ್ಚಗಿತ್ತು, ಗುಬ್ಬಿಯ ಆ ಮನೆಯ ಮಧ್ಯಾಹ್ನಗಳ ಹಾಗೆ, ಮೇಲೆ ಕಾರ್ಖಾನೆಯವರು ಹೊಸ ಹೆಲಿಕಾಪ್ಟರ್ ಹಾರಿಸಿ ನೋಡುತ್ತಿರುತ್ತಾರೆ, ಶೆಲ್ಫಿನ ಲೋಟಗಳು ಸಣ್ಣಗೆ ನಡುಗುತ್ತವೆ, ನಮ್ಮದೇ ಅಮ್ಮ ಅದು, ಹೆದರ್ಕೋಬೇಡ ಎಂದು ನಂದಿತಾ ನಗುತ್ತಾಳೆ, ಎಲ್ಲವನ್ನೂ ತಾನೇ ಜೋಡಿಸಿದ ಹಾಗೆ. ಇಂಪನಾ ಅಲ್ಲಿಯ ಹೈಸ್ಕೂಲಿನಲ್ಲಿ ಪೀಟಿ ಟೀಚರು, ಕುಣಿಗಲ್ ಕಡೆಯವಳು, ಕೊರಳಲ್ಲಿ ಸೀಟಿ ಹಾಕಿಕೊಂಡೇ ಒಗ್ಗರಣೆ ಹಾಕುತ್ತಾಳೆ. ಅವಳ ತಾಯಿ ಮಂಜುಳಮ್ಮ ಒಮ್ಮೆ ಅಲ್ಲಿಯೇ ಸಿಕ್ಕಿದ್ದರು, ಇಬ್ರೂ ಒಟ್ಟಿಗಿದ್ದು ಬಾಡಿಗೆ ಉಳಿಸ್ತಾವೆ ಬುಡಿ ಅಮ್ಮ, ಅಂದರು, ನಾನೂ ಹೌದು ಬಿಡಿ ಅಂದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಾಫಿ ಕುಡಿದೆವು. ಇವತ್ತು ಕುಣಿಗಲ್‌ನಿಂದ ಯಾರೂ ಬಂದಿಲ್ಲ. ಒಂದು ಬೇಸಿಗೆ ದಿಲ್ಲಿಯ ದೊಡ್ಡ ಕೋರ್ಟಿನಲ್ಲಿ, ಹೆಣ್ಣಿಗೆ ಹೆಣ್ಣು ಜೊತೆಯಾದ ಇಂಥವರ ಮದುವೆಯ ವಾದ ನಡೆಯುತ್ತಿತ್ತು, ನಂದಿತಾ ಫೋನನ್ನು ಡಬ್ಬಿಗೆ ಆನಿಸಿಟ್ಟು ನೋಡುತ್ತಿದ್ದಳು, ಇಂಗ್ಲಿಷಿನ ಮಾತನ್ನು ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು, ಸರ್ಕಾರ ಬೇಡವೆನ್ನುತ್ತಿದೆ, ಧರ್ಮದವರೆಲ್ಲ ಯಾವತ್ತೂ ಒಂದಾಗದವರು ಈಗ ಒಂದಾಗಿ ಬೇಡವೆನ್ನುತ್ತಿದ್ದಾರೆ ನೋಡಮ್ಮ. ನಾನೂ ಬೇಡವೆಂದೆ. ಮದುವೆ ಎಂದರೆ ಗುರುವಿನ ಮುಂದೆ ಕಲಶವಿಟ್ಟು ಮಾಡುವುದು, ಅದನ್ನು ಜಡ್ಜು ಹೇಗೆ ಕೊಡುತ್ತಾನೆ, ಸರ್ಕಾರ ಹೇಗೆ ಕೊಡುತ್ತದೆ, ನಾಳೆ ಮಠದ ಬಾಗಿಲಿಗೆ ಬಂದು ಮಾಡಿಸಿ ಎಂದರೆ ಏನು ಗತಿ. ಮಠದ್ದು ಮಠದಲ್ಲೇ ಇರ್ಲಿ ಅಮ್ಮ, ನಂಗೆ ಬಾಸಿಂಗ ಬೇಡ, ಮದ್ವೆ ಅನ್ನೋ ಮಾತೂ ಬೇಡ, ಬೇರೆ ಏನಾದ್ರೂ ಹೆಸ್ರು ಇಟ್ಕೊಳ್ಳಿ, ಯಾರಾದ್ರೂ ಇವಳು ನಿಂಗೆ ಏನಾಗ್ಬೇಕು ಅಂದ್ರೆ ಹೇಳೋಕೆ ಒಂದು ಮಾತು ಬೇಕು ಅಷ್ಟೆ, ಅಂದಳು ನಂದಿತಾ. ಅಡುಗೆಮನೆಯಿಂದ ಇಂಪನಾ, ಬಾಡಿಗೆ ಉಳಿಸೋಳು ಅನ್ನೇ, ಅಂದಳು, ಮೂವರೂ ನಕ್ಕೆವು. ನವರಾತ್ರಿಯಲ್ಲಿ ತೀರ್ಪು ಬಂತು, ಮದುವೆಯ ಹಕ್ಕನ್ನು ತಾವು ಕೊಡಲಾಗದು, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದರು, ಮದುವೆಯೆನ್ನದೆ ಬೇರೆ ಹೆಸರಿನಲ್ಲಾದರೂ ಮನ್ನಣೆ ಇರಲಿ ಎಂದು ಇಬ್ಬರು ಜಡ್ಜುಗಳು, ಅದೂ ಆಗದು ಎಂದು ಮೂವರು. ನಂದಿತಾ ಫೋನು ಆರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು, ಅವಳ ಪೂಜೆ ಮುಗಿಯುವವರೆಗೆ ಇಂಪನಾ ಬಾಗಿಲಿಗೆ ಒರಗಿ ಸದ್ದು ಮಾಡದೆ ನಿಂತಿದ್ದಳು, ನಾನು ಕೋರ್ಟು ಹೇಳಿದ್ದು ಸರಿ ಎಂದೇ ಅಂದುಕೊಂಡೆ, ಈಗಲೂ ತಪ್ಪೆಂದು ಹೇಳಲಾರೆ, ಆದರೂ ಆ ನಿಂತ ಹುಡುಗಿ ಕಣ್ಣಿನಿಂದ ಹೋಗುವುದಿಲ್ಲ.

ಗಂಗಾಂಬಿಕಮ್ಮ, ಎನ್ನುತ್ತಾರೆ ಸಿದ್ದಗಂಗಯ್ಯನವರು, ನಮ್ಮ ಮನೆಯ ಹುಟ್ಟು ಸಾವು ಮದುವೆ ಎಲ್ಲ ಮಾಡಿಸಿದ ಅಯ್ಯನವರು, ಗುಣಿಯ ಅಂಚಿನಲ್ಲಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದಾರೆ, ಹೊತ್ತಾಯ್ತು ತಾಯಿ, ಯಾರು ಇಳೀತೀರಿ. ನಮ್ಮ ಮನೆತನದಲ್ಲಿ ಕೊನೆಯ ಪತ್ರೆ ಏರಿಸಿ ಲಿಂಗವನ್ನು ಕೈಯಲ್ಲಿಡಲು ಒಬ್ಬರೇ ಇಳಿಯುತ್ತಾರೆ, ಮದುವೆಯಾದವರಿಗೆ ಗಂಡ, ಇಲ್ಲವೆ ಹೆಂಡತಿ, ಆಗದವರಿಗೆ ತಾಯಿ, ತಂದೆ. ನನ್ನ ಯಜಮಾನರಿಗೆ ನಾನು ಇಳಿದಿದ್ದೆ, ಅಗೋ ಆ ಗದ್ದುಗೆ, ಪಕ್ಕದಲ್ಲೇ ಈ ಹೊಸ ಕೆಂಪು ಮಣ್ಣು. ನೀನೇ ಇಳಿಯಮ್ಮ, ನಾನು ಹಿಡ್ಕೋತೀನಿ, ಎನ್ನುತ್ತಾನೆ ಪ್ರಸಾದು. ನಾನು ಇಳಿದರೆ ನನ್ನ ಮಗಳು ಯಾರೂ ಇಲ್ಲದವಳಾಗಿ ಹೋಗುತ್ತಾಳೆ, ಅದು ಎಲ್ಲರಿಗೂ ಸಲೀಸು, ನನಗೂ. ಹಲಸಿನ ಮರದ ಕೆಳಗೆ ಇಂಪನಾ ಒಬ್ಬಳೇ ನಿಂತಿದ್ದಾಳೆ, ಅಕ್ಷತಾ ಎಲ್ಲರಿಗೂ ನೀರು ಕೊಡುತ್ತ ಅವಳ ಹತ್ತಿರ ಹೋದಳು, ಅವಳು ತಲೆಯಾಡಿಸಿದಳು, ಅಕ್ಷತಾ ಬಂದು ನನಗೆ ಹೇಳುತ್ತಾಳೆ, ನಿನ್ನೆ ಸಂಜೆಯಿಂದ ಒಂದು ಗುಟುಕು ನೀರೂ ಕುಡ್ದಿಲ್ವಂತೆ ಅತ್ತೆ, ಬಿದ್ದುಗಿದ್ದಾಳು. ಕೈಸನ್ನೆ ಮಾಡಿದೆ, ಬಂದಳು. ತುಟಿ ಒಡೆದಿದೆ. ಯಾಕವ್ವ, ನೀರು ಕುಡಿ, ಅಂದೆ. ಪೂಜೆ ಮಾಡ್ದೆ ನೀರು ಮುಟ್ಟಬಾರ್ದಲ್ವಾ ಅಮ್ಮ, ಲಿಂಗ ನನ್ ಕೊರಳಲ್ಲಿತ್ತು, ನಂಗೆ ಪೂಜೆ ಮಾಡೋಕೆ ಬರಲ್ಲ. ಈಗ ನನ್ನ ಹತ್ರ ಕೊಟ್ಟಾಯ್ತಲ್ಲ ಮಗ, ಅಂದೆ. ಅವಳ ಕೈ ಸೇರ್ಲಿ ಅಮ್ಮ, ಆಮೇಲೆ ಕುಡೀತೀನಿ. ನಮ್ಮ ಮನೆಯ ಮಕ್ಕಳೇ ಲಿಂಗವನ್ನು ಗೂಟಕ್ಕೆ ತೂಗುಹಾಕಿ ತಿಂಡಿ ತಿಂದು ಹೋಗುತ್ತಾರೆ, ಇವಳು ತನ್ನದಲ್ಲದ ನೇಮವನ್ನು ತಪ್ಪು ತಪ್ಪಾಗಿ ಹಿಡಿದು ಆಸ್ಪತ್ರೆಯ ಆ ಗಾಜಿನ ಬಾಗಿಲ ಹೊರಗೆ ಒಣಗಿದ ಬಾಯಿಯಲ್ಲಿ ನಿಂತಿದ್ದಳು — ನನ್ನ ಯಜಮಾನರ ಕೊನೆಯ ಕಾಯಿಲೆಯಲ್ಲಿ ಅವರ ಪಥ್ಯವನ್ನು ನಾನೂ ತಿಂದಿದ್ದೆ, ಉಪ್ಪಿಲ್ಲದ ಗಂಜಿ, ಯಾಕೆ ತಿನ್ನುತ್ತೀಯೆ ಎಂದು ಯಾರೂ ಕೇಳಲಿಲ್ಲ, ಹೆಂಡತಿಯಲ್ಲವೇ, ಕೇಳುವುದೇನು.

ಇವಳು ಇಳೀತಾಳೆ ಅಯ್ಯನೋರೇ, ಎಂದಿತು ನನ್ನ ದನಿ. ಅಮ್ಮ, ಎಂದು ಪ್ರಸಾದು ನನ್ನ ಕಿವಿಯ ಹತ್ತಿರ ಬಂದ, ಇವಳು ಇಳಿದ್ರೆ ಏನರ್ಥ ಅಂತ ಗೊತ್ತಲ್ಲ, ಬಂದಿರೋರೆಲ್ಲ ನೋಡ್ತಾವ್ರೆ, ನಾಳೆ ನಾನು ಮಂಡಿಪೇಟೇಲಿ ಅಂಗಡಿ ಬಾಗಿಲು ತೆಗೀಬೇಕು. ಗೊತ್ತು ಕಣೋ ಅಂದೆ. ಹಾಗಾದ್ರೆ ಇವಳು ನಂದೂಗೆ ಏನಾಗ್ಬೇಕು, ಹೇಳು, ಅಂದ. ನಂದಿತಾಗೆ ಯಾರು ಅಂತ ಇದ್ರೆ ಇವಳೇ, ಅದಕ್ಕೆ ನನ್ನ ಹತ್ರ ಬೇರೆ ಹೆಸ್ರಿಲ್ಲ, ಮದ್ವೆ ನಾನು ಮಾಡಿಸ್ಲಿಲ್ಲ, ಈಗ್ಲೂ ಮಾಡಿಸ್ತಿಲ್ಲ, ಕಳ್ಸೋ ಕೆಲಸ ಇವಳದ್ದು, ಬಿಡು. ಅವನು ಸರಿದು ಹೋಗಿ ತೆಂಗಿನ ಮರಕ್ಕೆ ಕೈಯಾನಿಸಿ ಆ ಕಡೆ ತಿರುಗಿ ನಿಂತ. ಅಯ್ಯನವರು ವಿಭೂತಿಯ ತಟ್ಟೆಯನ್ನು ನೋಡುತ್ತ ಮೆಲ್ಲಗೆ, ನಾನು ತಡೆಯೋದಿಲ್ಲ ತಾಯಿ, ಆದ್ರೆ ನನ್ನ ಬಾಯಲ್ಲಿ ಮಂತ್ರ ಬರೋದಿಲ್ಲ, ನಾಳೆ ನನ್ನನ್ನ ಕೇಳೋರಿದಾರೆ, ಅಂದರು. ತಟ್ಟೆಯನ್ನು ಮಣ್ಣಿನ ಗುಡ್ಡೆಯ ಮೇಲಿಟ್ಟು ಹಿಂದಕ್ಕೆ ಸರಿದರು. ಬೇಡ ಎನ್ನಲಿಲ್ಲ, ಆಗಲಿ ಎನ್ನಲಿಲ್ಲ, ದೊಡ್ಡವರೆಲ್ಲ ಹೀಗೇ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾರೇನೋ, ಕೋಪ ಬರಲಿಲ್ಲ, ವಯಸ್ಸಾದ ಮನುಷ್ಯ, ಮಠವೇ ಅವರಿಗೆ ಅನ್ನ. ನಂದಿತಾಳನ್ನು ಇಳಿಸಿ ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಕರಡಿಗೆಯಿಂದ ತೆಗೆದು ಲಿಂಗವನ್ನು ಇಂಪನಾಳ ಕೈಗೆ ಕೊಟ್ಟೆ, ಜೊತೆಗೆ ಪತ್ರೆ, ತೊಟ್ಟು ನಿನ್ನ ಕಡೆಗಿರಲಿ ಎಂದೆ, ನನಗೇನೂ ಬರಲ್ಲ ಅಮ್ಮ ಎಂದಳು, ನಾನು ಹೇಳ್ತೀನಿ, ನೀನು ಮಾಡು. ಅವಳು ಕಾಲಿಟ್ಟಾಗ ಮರದ ಕಡೆಯಿಂದ ಪ್ರಸಾದು, ಇನ್ನೂ ತಿರುಗದೆಯೇ, ಹುಷಾರು, ಅಂಚು ಕುಸಿಯುತ್ತೆ, ಅಂದ.

ಕೆಳಗೆ ಮಣ್ಣಿನ ತಂಪು, ಮೇಲಿನವರೆಗೂ ಬರುತ್ತದೆ, ಕುರ್ಚಿ ಬಿಟ್ಟು ಅಂಚಿನಲ್ಲಿ ಮಂಡಿಯೂರಿದ್ದೇನೆ, ಓಂ ನಮಃ ಶಿವಾಯ ಎನ್ನುತ್ತೇನೆ, ನನ್ನ ಬಾಯಿ ತಾನಾಗಿ ಹೇಳುತ್ತಿದೆ, ಹೆಂಗಸಿನ ದನಿಯಲ್ಲಿ ಈ ತೋಟ ಇದನ್ನು ಕೇಳಿದ್ದಿಲ್ಲ, ಅಕ್ಷತಾಳ ದನಿಯೂ ಸೇರಿತೇ, ಇಲ್ಲ ಗಾಳಿಯೇ, ಇಂಪನಾ ಲಿಂಗಕ್ಕೆ ಪತ್ರೆ ಏರಿಸುತ್ತಾಳೆ, ನಂದಿತಾಳ ಎಡಗೈ ಎತ್ತಿ ಅಂಗೈಯಲ್ಲಿ ಲಿಂಗ ಇಡುತ್ತಾಳೆ, ಬೆರಳು ಸೆಟೆದಿವೆ, ಹಿಡಿಯುವುದಿಲ್ಲ, ಲಿಂಗ ಜಾರುತ್ತದೆ, ಅವಳು ತನ್ನ ಅಂಗೈಯನ್ನು ಕೆಳಗೆ ಹಿಡಿದು ಮತ್ತೆ ಇಡುತ್ತಾಳೆ, ಕಿರುಬೆರಳನ್ನು ಮೆಲ್ಲಗೆ ಮಡಿಸುತ್ತಾಳೆ, ಅದು ತೆರೆದುಕೊಳ್ಳುತ್ತದೆ, ಮತ್ತೆ ಮಡಿಸುತ್ತಾಳೆ, ಅದರ ಪಕ್ಕದ ಬೆರಳು, ನಡುಬೆರಳು, ಒಂದೊಂದನ್ನೂ ಹಿಡಿದು ಕಾಯುತ್ತಾಳೆ, ಅವಸರವಿಲ್ಲ, ಜಗತ್ತಿನಲ್ಲಿ ಇನ್ನು ಯಾವ ಕೆಲಸವೂ ಉಳಿದಿಲ್ಲವೆಂಬಂತೆ, ಕೈಮೇಲೆ ಕೈ, ಮುಚ್ಚಿದ ಬೆರಳಿನ ಮೇಲೆ ಮುಚ್ಚಿದ ಬೆರಳು, ಅದರ ಮೇಲೆ ಒಂದು ಹಸಿ ಪತ್ರೆ — ಶಿವನೇ, ಇಗೋ ನನ್ನ ಮಗಳು, ನಿನ್ನನ್ನು ಕೈಯಲ್ಲಿ ಹಿಡಿದುಕೊಂಡು ನಿನ್ನಲ್ಲಿಗೆ ಬರುತ್ತಿದ್ದಾಳೆ, ನಿನ್ನಲ್ಲಿ ಅವಳಿಗೆ ಎಡೆ ಕೊಡು, ಅವಳಿಗೆ ನಿದ್ದೆಯಂಥ ಶಾಂತಿ ಕೊಡು.