ಆಡಿಯೇ ಸೋಲಬೇಕು

"ತಲೆ ಕಡೆ ಎತ್ತಿ ಹಿಡೀರಪ್ಪಾ, ಗೋಡೆಗೆ ತಾಗತ್ತೆ!" ಎಂದು ಸತ್ತವನ ತಮ್ಮ ಕೂಗಿದ. ವಿಧಿಯ ಆಟ ನೋಡಿ: ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡಿದ ಮನುಷ್ಯನನ್ನು ನಾಲ್ಕನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿಸಬೇಕಾಯಿತು. ಅವನ ಕಟ್ಟಡದ ಲಿಫ್ಟಿನಲ್ಲಿ ನಿಂತವರಿಗೆ ಜಾಗವಿತ್ತು, ಮಲಗಿದವರಿಗೆ ಇರಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಹೊತ್ತವರು ಸ್ಟ್ರೆಚರ್ ಇಳಿಸಿ, ನೀರು ಕುಡಿದು ಬರುತ್ತೇವೆಂದು ಕೆಳಗೆ ಹೋದರು.

ಹಿಂದೆಯೇ ಇಳಿಯುತ್ತಿದ್ದ ಸತ್ತವನ ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಮೈದುನನೂ ಪಕ್ಕದಲ್ಲಿ ಕೂತ. ತಾಯಿಯನ್ನು ಯಾರು ನೋಡಿಕೊಳ್ಳಬೇಕೆಂದು ಜಗಳವಾಡಿ ಅಣ್ಣ ತಮ್ಮ ಮುಖ ನೋಡದೆ ಹನ್ನೊಂದು ವರ್ಷವಾಗಿತ್ತು.

"ಅತ್ತಿಗೆ, ಅಣ್ಣ ನನ್ನ ಮೇಲೆ ಕೋಪ ಇಟ್ಕೊಂಡೇ ಹೋದ್ನಾ?"

"ಯಾಕೆ ಹಾಗಂತೀರಾ?"

"ದಿನಾ ಫೋನಲ್ಲಿ ಚೆಸ್ ಆಡ್ತಿದ್ವಿ. ಮಾತಿಲ್ಲ, ಕತೆಯಿಲ್ಲ. ಅವನ ನಡೆ ಬಂತು ಅಂದ್ರೆ ಅಣ್ಣ ಚೆನ್ನಾಗಿದ್ದಾನೆ ಅಂತ ನನಗೆ ಸಮಾಧಾನ. ಸೋಮವಾರ ಗೆಲ್ಲೋ ಆಟಾನೇ ಸೋತೆ ಅಂತ ಬಿಟ್ಬಿಟ್ಟ. ನಿನ್ನ ಸಹವಾಸ ಸಾಕು ಅಂದ ಹಾಗಾಯ್ತು. ಗೆದ್ದವನೇ ಮುಂದಿನ ಆಟಕ್ಕೆ ಕರೀಬೇಕು, ಚಿಕ್ಕಂದಿನಿಂದ ನಮ್ಮ ನಿಯಮ. ರೋಷಕ್ಕೆ ನಾನು ಕರೀಲಿಲ್ಲ."

ಫೋನಿನಲ್ಲಿ ಗಂಡನ ಎದುರಾಳಿ ಇವನೇ ಎಂದು ಅವಳಿಗೆ ಈಗಷ್ಟೇ ತಿಳಿಯಿತು.

*

ಎರಡು ವಾರದಿಂದ ಹಾಸಿಗೆ ಹಿಡಿದಿದ್ದರೂ ಗಂಡ ಫೋನ್ ಬಿಡುತ್ತಿರಲಿಲ್ಲ.

"ಯಾವನೋ ಮುಖ ಕಾಣದವನ ಜೊತೆ ಏನ್ರೀ ಹುಡುಗಾಟ? ಡಾಕ್ಟರು ನಿದ್ದೆ ಮಾಡಿ ಅಂದಿಲ್ವಾ?"

"ಅರ್ಧಕ್ಕೆ ಬಿಡಬಾರದು ಕಣೇ. ಸೋಲೋದಾದ್ರೂ ಆಡಿಯೇ ಸೋಲಬೇಕು."

ಸೋಮವಾರ ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದಾಗ, ಪೀಡೆ ತೊಲಗಲಿ ಎಂದು ಅವಳೇ 'ಸೋಲೊಪ್ಪಿಕೊಳ್ಳಿ' ಎಂಬಲ್ಲಿ ಒತ್ತಿದಳು. ಎದ್ದವನು ನೋಡಿ ಬಿಳಿಚಿಕೊಂಡ. "ಛೆ, ನಿದ್ದೇಲಿ ನನ್ನ ಕೈಯೇ ತಾಗಿರಬೇಕು" ಎಂದ. ಅವಳು ತುಟಿ ಬಿಚ್ಚಲಿಲ್ಲ. ಆಮೇಲೆ ಮೂರು ದಿನ ಫೋನನ್ನು ಎದೆಯ ಮೇಲಿಟ್ಟುಕೊಂಡು "ಕರೀತಾನೆ, ಕರೀತಾನೆ" ಎನ್ನುತ್ತಿದ್ದ. ಯಾರು ಎಂದು ಅವಳು ಕೇಳಲಿಲ್ಲ. ಗುರುವಾರ ಸಂಜೆ ಉಸಿರು ನಿಂತಿತು.

*

ಸುಮ್ಮನಿದ್ದುಬಿಡಬಹುದಿತ್ತು. ಕೇಳುವವರು ಯಾರಿದ್ದರು? ಆದರೆ ಪಕ್ಕದಲ್ಲಿ ಕೂತವನು ಮಗುವಿನಂತೆ ಬಿಕ್ಕುತ್ತಿದ್ದ.

"ಒತ್ತಿದ್ದು ನಾನು" ಎಂದಳು.

"ಏನು?"

"ನಿಮ್ಮಣ್ಣ ಆಟ ಬಿಡ್ಲಿಲ್ಲ. ಅವರು ಮಲಗಿದ್ದಾಗ ನಾನು ಒತ್ತಿದೆ! ತನ್ನ ಕೈಯೇ ತಾಗಿತು ಅಂದ್ಕೊಂಡು, ನಿಮ್ಮನ್ನ ಕಾಯ್ತಾ ಕಾಯ್ತಾ ಹೋದ್ರು. ನಾನು ಹೇಳ್ಲೇ ಇಲ್ಲ!"

ಅವಳ ಕೂಗು ಮೆಟ್ಟಿಲುಗಳುದ್ದಕ್ಕೂ ಮೊಳಗಿತು. ಮೈದುನ ದಡಕ್ಕನೆ ಎದ್ದ. ಹೊಡೆಯುತ್ತಾನೆ, ಹೊಡೆಯಲಿ ಎಂದು ಅವಳು ಮುಖ ಎತ್ತಿದಳು.

"ಮೆಲ್ಲಗೆ, ಅತ್ತಿಗೆ" ಎಂದು ಅವನು ಸ್ಟ್ರೆಚರಿನ ಪಕ್ಕ ಮಂಡಿಯೂರಿ, ಎರಡೂ ಅಂಗೈಗಳಿಂದ ಅಣ್ಣನ ಕಿವಿ ಮುಚ್ಚಿದ.