ಗಂಟಿನಲ್ಲಿ ಬಂದ ಪುಸ್ತಕಗಳು

ನನ್ನ ಅತ್ತೆಮನೆಯವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಒಂದು ದಿನ ಜೋರಾಗಿ ಜಗಳವಾಡಿ, ಬ್ಯಾಗು ಹೆಗಲಿಗೇರಿಸಿ, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಂತುಬಿಡುತ್ತಿದ್ದೆ. ಊರಿನವರೂ 'ಪಾಪ, ರಮ್ಯಾ' ಅನ್ನುತ್ತಿದ್ದರು. ಇವರೋ ಒಳ್ಳೆಯವರು. ಮಾವ ಶಿವನಂಜಪ್ಪನವರು ನನ್ನ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ಅತ್ತೆ ನನಗೆ ಬಡಿಸದೆ ತಾವು ಉಂಡವರಲ್ಲ. ಗಂಡ ಸುನೀಲ್‌ಕುಮಾರ್ ಅಂತೂ ಹಸು, ಅಪ್ಪ ಕಟ್ಟಿದ ಗೂಟದಲ್ಲೇ ಮೇಯುವ ಹಸು. ಇಂಥವರ ಮನೆಯಿಂದ ಹೊರಗೆ ಹೋಗುವುದು ಹೇಗೆ, ನೀವೇ ಹೇಳಿ.

ಹೊರಗೆ ಅಂದರೆ ಓಡಿಹೋಗುವುದಲ್ಲ ಮಾರಾಯರೇ. ಮೈಸೂರಿಗೆ, ಒಂದೇ ಒಂದು ದಿನ. ಹುಣಸೂರಿನಲ್ಲಿ ನನ್ನ ಜೊತೆ ಬಿಸಿಎ ಓದಿದ ಹರ್ಷಿತಾ ಈಗ ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ. ಅಂಗಡಿ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕಂಪನಿ ಅದು. ವರ್ಷಕ್ಕೊಮ್ಮೆ ಪರೀಕ್ಷೆ ಇಟ್ಟು ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಕೆಲಸವನ್ನೂ ಕೊಡುತ್ತಾರೆ. ಆದರೆ ಡಿಗ್ರಿ ಮುಗಿಸಿ ಮೂರು ವರ್ಷ ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಇದೇ ಕೊನೆಯ ಸಲ. ಪರೀಕ್ಷೆ ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಾನೇ ಹೋಗಿ ಕೂತು ಬರೆಯಬೇಕು.

ನೇರವಾಗಿ ಕೇಳಬಾರದಿತ್ತೇ ಅನ್ನುತ್ತೀರಿ. ಕೇಳಿದ್ದೆ, ಯುಗಾದಿಯ ದಿನ, ಎಲ್ಲರೂ ಬೇವು ಬೆಲ್ಲ ತಿನ್ನುತ್ತಿದ್ದಾಗ. ಮಾವ ನಕ್ಕರು.

“ಕೆಲ್ಸಕ್ಕೋಗಿ ಏನಾಗ್ಬೇಕು ಕಣವ್ವ? ನಿಂಗೇನ್ ಬೇಕೋ ಬಾಯ್ಬುಟ್ಟು ಏಳು, ತರ್ಸ್ಕೊಡ್ತೀನಿ.”

ಅದು ಅವರ ಮಂತ್ರ. ಹೇಳಿದ್ದು ಯಾವುದೂ ಬರದೆ ಉಳಿದದ್ದಿಲ್ಲ. ರೋಸ್ಟೆಡ್ ಕಾಫಿಪುಡಿಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲವೂ ಬಾಗಿಲಿಗೆ ಬಂತು. ನಾನು ಮಾತ್ರ ಬಾಗಿಲು ದಾಟಲಿಲ್ಲ. ಬಿಳಿಕೆರೆಯ ತವರಿಗೂ ಸುನೀಲೇ ಬೈಕಿನಲ್ಲಿ ಬಿಟ್ಟು, ಸುನೀಲೇ ಕರೆದುಕೊಂಡು ಬರುತ್ತಾರೆ. ಅವರನ್ನು ಕೇಳಿದರೆ “ಅಪ್ಪ ಊಂ ಅಂದ್ರೆ ನಂದೇನೂ ಇಲ್ಲ ಕಣೆ” ಅಂದು ಮಗ್ಗುಲಾಗುತ್ತಾರೆ. ಬಿಸಿತುಪ್ಪ ಇದು, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಅದಕ್ಕೇ ಒಂದು ಉಪಾಯ ಹೂಡಿದೆ. ತರಿಸಿಕೊಡಲು ಆಗದಂಥದ್ದನ್ನೇ ಕೇಳಬೇಕು. ಸೋಮವಾರ ಊಟಕ್ಕೆ ಕೂತಾಗ ಶುರು ಮಾಡಿದೆ.

“ಮಾವ, ವೆಬ್‌ಸೈಟ್ ಮಾಡೋದು ಕಲಿಯಕ್ಕೆ ಒಂದ್ ಪುಸ್ತಕ ಬೇಕಿತ್ತು.”

“ಅದ್ಕೇನಂತೆ! ಎಸ್ರು ಏಳು, ಸುನೀಲ ತತ್ತಾನೆ.”

“ಹೆಸರು ಗೊತ್ತಿಲ್ಲ ಮಾವ. ತೆಗೆದು ನೋಡಿ ನಾನೇ ಆರಿಸ್ಬೇಕು.”

“ಫೋನಲ್ಲಿ ಆರ್ಡರ್ ಮಾಡಿದ್ರಾಯ್ತು ಬುಡು” ಅಂದರು ನನ್ನ ಯಜಮಾನರು. ಆ ಗಳಿಗೆಯಲ್ಲಿ ಅವರ ತಟ್ಟೆಯ ಮುದ್ದೆಯನ್ನು ಎತ್ತಿ ಅವರ ಬಾಯಿಗೇ ತುರುಕೋಣ ಅನ್ನಿಸಿತು.

“ಒಳಗೇನಿದೆ ಅಂತ ನೋಡ್ದೆ ಹೆಂಗ್ ತಗೊಳೋದು?” ಎಂದು ಬಿಡಿಸಿ ಹೇಳಿದೆ. ಈ ವಿದ್ಯೆ ಬೇಗ ಬದಲಾಗುತ್ತದೆ, ಹಳೆಯ ಮುದ್ರಣ ಕೊಂಡರೆ ಕಲಿತದ್ದೆಲ್ಲ ದಂಡ. ಕೆಲವು ಪುಸ್ತಕಗಳು ಆಗಲೇ ಬಲ್ಲವರಿಗೆ ಬರೆದವು, ಹೊಸಬರು ಮೂರನೆಯ ಪುಟಕ್ಕೇ ಮುಚ್ಚಿಡುತ್ತಾರೆ. ಕೆಲವಂತೂ ಬರೀ ಬೊಂಬೆ. ಪುಟ ಕಟ್ಟುವುದರಿಂದ ಶುರುವಾಗಿ, ಅದಕ್ಕೆ ಅಂದಚಂದ ಕೊಟ್ಟು, ಆಮೇಲೆ ಅದು ಒತ್ತಿದರೆ ಕೆಲಸ ಮಾಡುವ ಹಾಗೆ ಹಂತ ಹಂತವಾಗಿ ಕಲಿಸಬೇಕು. ಪಾಠಕ್ಕೊಂದು ಮಾಡಿನೋಡುವ ಅಭ್ಯಾಸ ಇರಬೇಕು. ಇದೆಲ್ಲ ನಿಜವೇ. ಸುಳ್ಳಿದ್ದದ್ದು ಕೊನೆಯ ಮಾತಿನಲ್ಲಿ ಮಾತ್ರ.

“ಅದ್ಕೇ ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಮೈಸೂರಿಗೆ ಹೋಗಿ, ಆರಿಸ್ಕೊಂಡು ಬತ್ತೀನಿ.”

ಮಾವ ಉಣ್ಣುವುದನ್ನು ನಿಲ್ಲಿಸಿ ಕೇಳಿದರು. ಹೊಗೆಸೊಪ್ಪು ಬೆಳೆದು ಮಾರುವ ಮನುಷ್ಯ ಅವರು, ಎಲೆ ಮುಟ್ಟಿ ನೋಡದೆ ಮಾತಾಡುವವರಲ್ಲ. “ದಿಟ ಕಣವ್ವ. ಕಣ್ಣಲ್ಲಿ ನೋಡ್ದೆ ಸರಕು ತಕಬಾರ್ದು” ಅಂದರು. ಗೆದ್ದೆ ಅಂದುಕೊಂಡೆ. ಪೆಟ್ಟಿಗೆಯ ತಳದಲ್ಲಿದ್ದ ಮಾರ್ಕ್ಸ್ ಕಾರ್ಡುಗಳನ್ನು ತೆಗೆದು ಬ್ಯಾಗಿಗೆ ಹಾಕಿದೆ. ನೀಲಿ ಚೂಡಿದಾರವನ್ನು ಇಸ್ತ್ರಿ ಮಾಡಿ ಮಡಿಸಿಟ್ಟೆ. ಮೂರು ದಿನ ಹಾಡಿಕೊಂಡೇ ಕೆಲಸ ಮಾಡಿದೆ.

ಗುರುವಾರ ಸಂಜೆ ಮಾವ ಒಂದು ಬಿಳಿ ಬಟ್ಟೆಯ ಗಂಟನ್ನು ಹೊತ್ತು ಮನೆಗೆ ಬಂದರು.

ನಮ್ಮ ಕಡೆ ಮದುವೆ ಗೊತ್ತಾದರೆ ಗುರುತಿನ ಸೀರೆ ಅಂಗಡಿಯವರು ಒಂದು ಗಂಟು ಸೀರೆ ಕಟ್ಟಿ ಮನೆಗೇ ಕಳಿಸುತ್ತಾರೆ. ಹೆಂಗಸರು ಹರಡಿಕೊಂಡು ನೋಡಿ, ಬೇಕಾದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಮಡಿಕೆ ಕೆಡದ ಹಾಗೆ ವಾಪಸು ಕೊಟ್ಟರಾಯಿತು. ಅಂಗಡಿಗೆ ಹೋಗುವ ತಾಪತ್ರಯವೇ ಇಲ್ಲ. ನಮ್ಮ ಮನೆಗೆ ಸೀರೆ ಕಳಿಸುವ ಲಿಂಗರಾಜು ಅವರ ಭಾವಮೈದುನನದು ಮೈಸೂರಿನಲ್ಲಿ ಪುಸ್ತಕದಂಗಡಿಯಂತೆ. ಮಾವ ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದ್ದಾರೆ. ಹಳೇ ಸರಕು ಬ್ಯಾಡ, ಹೊಸಬ್ರಿಗೆ ಬರ್ದಿದ್ದಾಗ್ಬೇಕು, ಮಾಡಿನೋಡೋ ಅಭ್ಯಾಸ ಇರ್ಬೇಕು. ಅಂಗಡಿಯವರು ಗಂಟು ಕಟ್ಟಿ ಬಸ್ಸಿಗೆ ಹಾಕಿದ್ದಾರೆ, ಕಂಡಕ್ಟರು ನಮ್ಮೂರ ಗೇಟಿನಲ್ಲಿ ಇಳಿಸಿ ಹೋಗಿದ್ದಾನೆ. ನಾನು ಚಾಪೆ ಕೆಳಗೆ ತೂರಿದರೆ ನಮ್ಮ ಮಾವ ರಂಗೋಲಿ ಕೆಳಗೇ ತೂರಿದ್ದರು.

“ಆರಿಸ್ಕೊ ಕಣವ್ವ, ನಿಧಾನಕ್ಕೆ ನೋಡು. ಬಸ್ಸಲ್ಲಿ ನುಗ್ಗಾಡೋ ಗೋಳು ತಪ್ತು” ಅಂದರು. ಅವರ ಮುಖದಲ್ಲಿ ಎಂಥ ಸಂತೋಷ! ಬೈಯಲು ಬಾಯಿ ಬರಲಿಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿ ಪುಸ್ತಕಗಳನ್ನು ಹರಡಿದರು. ಪಕ್ಕದ ಮನೆಯ ಚಿಕ್ಕಬೀರಮ್ಮ ಸೀರೆ ಬಂದಿದೆಯೆಂದುಕೊಂಡೇ ಓಡಿ ಬಂದಿದ್ದಳು. ಬಂದ ತಪ್ಪಿಗೆ ಪುಸ್ತಕವನ್ನೇ ಸವರಿ ನೋಡಿ, “ಈ ಕೆಂಪಂದು ಎತ್ಕೊಳವ್ವ, ನಿನ್ ಮೈಬಣ್ಣಕ್ಕೆ ಒಪ್ತದೆ” ಅಂದಳು. ಮಾವ ಒಂದನ್ನು ನಡುವೆ ಬಿಡಿಸಿ, ಹಾಳೆಯನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಪರವಾಗಿಲ್ಲ ಅನ್ನುವಂತೆ ತಲೆದೂಗಿದರು. ಅತ್ತೆ ಮಾತ್ರ ಕಂಬಕ್ಕೊರಗಿ ಕೂತು ನನ್ನನ್ನೇ ನೋಡುತ್ತಿದ್ದರು.

ಹೊಟ್ಟೆ ಉರಿಸಿದ್ದು ಏನು ಗೊತ್ತೇ? ಪುಸ್ತಕಗಳು ಚೆನ್ನಾಗಿದ್ದವು. ಒಂದಂತೂ ನಾನೇ ಮೈಸೂರಿನಲ್ಲಿ ಅರ್ಧ ದಿನ ಅಲೆದರೂ ಸಿಗುತ್ತಿರಲಿಲ್ಲ. ಮೊದಲ ಪಾಠದಲ್ಲೇ ಒಂದು ಪುಟ್ಟ ಪುಟ ಕಟ್ಟಿಸುತ್ತಿತ್ತು. ಒಂದು ಗಳಿಗೆ ಎಲ್ಲ ಮರೆತು ಓದಿದೆ, ನಾಳೆ ಯಾವ ವಾರ ಅನ್ನುವುದೂ ಮರೆತುಹೋಯಿತು. ಎಚ್ಚರವಾದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಗ ತಲೆಗೆ ಹೊಳೆಯಿತು. ಉಳಿದದ್ದನ್ನು ವಾಪಸು ಕೊಡಬೇಕಲ್ಲ!

“ಇದೊಂದು ಸಾಕು ಮಾವ. ಮಿಕ್ಕಿದ್ದನ್ನ ನಾಳೆ ಬೆಳಿಗ್ಗೆ ನಾನೇ ಮೈಸೂರಿಗೆ ಕೊಟ್ಟು ಬತ್ತೀನಿ. ಇಟ್ಕೊಂಡ್ರೆ ಮಡಿಕೆ ಕೆಡ್ತದೆ.”

“ವಾಪಸ್ ಯಾಕವ್ವ? ನೀನು ಆಸೆಪಟ್ಟು ನೋಡ್ದೆ. ಅಷ್ಟೂ ಇರ್ಲಿ ಅಂತ ಅಂಗಡಿಯೋರ್ಗೆ ಆಗ್ಲೇ ಏಳ್ಬುಟ್ಟೆ” ಅಂದರು ಮಾವ. ಖಾಲಿ ಬಟ್ಟೆಯನ್ನು ಕೊಡವಿ ಮಡಿಸಿ, ಮೂಲೆಯಲ್ಲಿಟ್ಟರು.

ಶುಕ್ರವಾರ ಬೆಳಿಗ್ಗೆ ಅತ್ತೆಯೂ ನಾನೂ ಬ್ಯಾರನ್ನಿನ, ಅಂದರೆ ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಎತ್ತರದ ಗೂಡಿನ, ಮುಂದಿನ ಚಪ್ಪರದಲ್ಲಿ ಕೂತು, ಒಳಗೆ ನೇತುಹಾಕುವ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟುತ್ತಿದ್ದೆವು. ಮಾವ ಒಳಗೆ ಉರಿ ನೋಡುತ್ತಿದ್ದರು. ರಸ್ತೆಯಲ್ಲಿ ಮೈಸೂರಿನ ಬಸ್ಸು ಹಾರನ್ ಹೊಡೆದು, ನಿಂತು, ಹೊರಟುಹೋಯಿತು. ಆ ಸದ್ದು ಪೂರ್ತಿ ಅಡಗುವವರೆಗೂ ನನ್ನ ಕೈ ಆಡಲಿಲ್ಲ.

“ಅತ್ತೆ, ನಂಗೆ ಪುಸ್ತಕ ಬೇಕಾಗಿರ್ಲಿಲ್ಲ” ಅಂದುಬಿಟ್ಟೆ. “ಮೈಸೂರಲ್ಲಿ ಇವತ್ತು ಕೆಲಸದ ಪರೀಕ್ಷೆ ಇತ್ತು. ನಾನು ಹೋಗ್ಬೇಕಾಗಿತ್ತು.”

“ಗೊತ್ತು ಕಣವ್ವ.”

“ಗೊತ್ತಿತ್ತಾ?”

“ಪುಸ್ತಕ ತರಕ್ಕೋಗೋರು ಮಾರ್ಕ್ಸ್ ಕಾರ್ಡ್ ಯಾಕ್ ತಕೊಂಡೋಗ್ತಾರೆ?”

“ಗೊತ್ತಿದ್ದೂ ಬಾಯ್ ಮುಚ್ಕೊಂಡಿದ್ರಲ್ಲ ಅತ್ತೆ!” ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಕಣ್ಣು ತುಂಬಿ ಎಲೆ ಕಾಣದಾಯಿತು. ಕೈಯೆಲ್ಲ ಸೊಪ್ಪಿನ ಅಂಟು, ಒರೆಸಿಕೊಳ್ಳಲೂ ಆಗಲಿಲ್ಲ. ಅತ್ತೆ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. ಬ್ಯಾರನ್ನಿನ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ನಾನು ಈ ಮನೆಗೆ ಬಂದ ಒಸದ್ರಲ್ಲಿ ಪಿರಿಯಾಪಟ್ಣದಲ್ಲಿ ಅಂಗನವಾಡಿ ಟೀಚರ್ ಕೆಲ್ಸಕ್ಕೆ ಇಂಟ್ರೂ ಕರ್ದಿದ್ರು. ನಿಮ್ಮಾವನ್ನ ಕೇಳಕ್ಕೆ ಭಯ. ಗೌರಿ ಅಬ್ಬಕ್ಕೆ ಸೀರೆ ನಾನೇ ಓಗಿ ಆರಿಸ್ಕತೀನಿ ಅಂತ ಅಠ ಹಿಡ್ದೆ. ಅವತ್ತು ಸಂಜೆ ಗಂಟು ಮನೇಗೇ ಬಂತು. ಅಷ್ಟೂ ಇರ್ಲಿ ಅಂದ್ರು.”

ನಾನು ಅವರ ಮುಖವನ್ನೇ ನೋಡಿದೆ. ಅಲ್ಲಿ ಕೋಪ ಇರಲಿಲ್ಲ, ಅಳುವೂ ಇರಲಿಲ್ಲ. ನನಗೆ ಭಯವಾಯಿತು.

“ಆಮೇಲೆ?”

“ಆಮೇಲೇನವ್ವ?” ಅತ್ತೆ ಇನ್ನೊಂದು ಕಡ್ಡಿ ಎತ್ತಿಕೊಂಡರು. “ಸೀರೆ ಚೆನ್ನಾಗಿದ್ವು.”