ದೋಹಾದಲ್ಲಿ ನೂಲ ಹುಣ್ಣಿಮೆ

ಕಡಲಿಗೆ ಇನ್ನೂ ಕಿವಿ ಕೇಳುತ್ತಿದ್ದ ಕಾಲದಲ್ಲಿ ಬಂದರಿನಲ್ಲಿ ಒಬ್ಬಳು ಮೀನು ಮಾರುವವಳಿದ್ದಳಂತೆ. ಅವಳ ಗಂಡ ಒಂದು ಬೆಳಿಗ್ಗೆ ದೋಣಿ ಹತ್ತಿ ಹೋದವನು ಸಂಜೆಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಊರಿನವರು ಅತ್ತು ಮುಗಿಸಿ ಮನೆಗೆ ಹೋದ ಮೇಲೆ ಅವಳು ಒಬ್ಬಳೇ ಮೊಣಕಾಲುದ್ದ ನೀರಿಗಿಳಿದು ಕಡಲಿನ ಹತ್ತಿರ ಮಾತಾಡಿದಳಂತೆ: ಅವನನ್ನು ವಾಪಸು ಕೊಡು, ಕೊಟ್ಟರೆ ನನ್ನ ಉಸಿರಿರುವವರೆಗೂ ಪ್ರತಿ ನೂಲ ಹುಣ್ಣಿಮೆಗೆ ನನ್ನ ಕೈಯಾರೆ ನಿನಗೆ ಹಾಲೆರೆಯುತ್ತೇನೆ. ಕಡಲು ಸ್ವಲ್ಪ ಹೊತ್ತು ಯೋಚಿಸಿತಂತೆ. ಆಮೇಲೆ ಗಂಡನನ್ನು ಒಂದು ಒಡೆದ ಹಲಗೆಯ ಮೇಲೆ ಮಲಗಿಸಿ ಕಳಿಸಿಕೊಟ್ಟಿತಂತೆ.

ತೃಷಾ ಈ ಕತೆಯನ್ನು ಎಷ್ಟೋ ವರ್ಷ ಮಾತಾಡುವ ಮೊಸಳೆಯ ಕತೆ, ಏಳು ಮಡಿಕೆ ಸೀರೆಯ ರಾಣಿಯ ಕತೆಗಳ ಜೊತೆಗೇ ಇಟ್ಟುಕೊಂಡಿದ್ದಳು. ಕತೆಯ ಹೆಂಗಸು ತನ್ನ ಅಜ್ಜಿ ರಾಜೀವಿಯೇ, ಹಲಗೆಯ ಮೇಲೆ ತೇಲಿಬಂದವನು ದಿನವೂ ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುವ ಅಜ್ಜ ಗಿರಿಯಪ್ಪನೇ ಎಂದು ತಿಳಿದ ದಿನ, ಅವಳು ಅಜ್ಜನ ಕೈ ಮುಟ್ಟಿ ನೋಡಿದ್ದಳು. ಕತೆಯಿಂದ ಎದ್ದು ಬಂದವರ ಕೈ ಬೆಚ್ಚಗಿರುತ್ತದೆಯೇ ಎಂದು.

ಮಳೆಗಾಲದ ಅಬ್ಬರ ಇಳಿದು ದೋಣಿಗಳು ಮತ್ತೆ ನೀರಿಗಿಳಿಯುವ ಹೊತ್ತಿಗೆ ಬರುವುದು ನೂಲ ಹುಣ್ಣಿಮೆ. ಅಂದು ಮೀನುಗಾರರೆಲ್ಲ ಸೇರಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಊರಿನ ಪೂಜೆ ಮುಗಿದ ಮೇಲೆ ರಾಜೀವಿ ತನ್ನ ಪಾಲಿನ ಹಾಲನ್ನು ಬೇರೆಯಾಗಿಯೇ ಕೊಡುವಳು. ಅವಳ ಲೆಕ್ಕದಲ್ಲಿ ಅದು ಸೂರ್ಯ ಮುಳುಗುವುದರೊಳಗೆ ಆಗಬೇಕು. ಮೊಣಕಾಲಿಗೆ ಆಪರೇಷನ್ ಆದ ವರ್ಷವೂ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಲು ಹೇಳಿ ಕೊಟ್ಟು ಬಂದವಳು.

ಈ ಸಲ ಆ ದಿನವೇ ಪ್ರಯಾಣ. ಲಂಡನ್ನಿನಲ್ಲಿ ನರ್ಸ್ ಆಗಿರುವ, ರಾಜೀವಿಯ ಕಿರಿ ಮಗಳು ಸಣ್ಣತ್ತೆಯ ಮಗುವಿಗೆ ಹೆಸರಿಡುವ ದಿನ ನಿಗದಿಯಾಗಿತ್ತು, ತೃಷಾಳ ತಮ್ಮ ರಿತೇಶ್ ಟಿಕೆಟ್ ಮಾಡಿಬಿಟ್ಟಿದ್ದ. ಬಜ್ಪೆಯಿಂದ ಮುಂಬೈ, ಅಲ್ಲಿಂದ ದೋಹಾ. ದೋಹಾದಲ್ಲಿ ಒಂದು ಇಡೀ ಹಗಲು ಕಾದು, ರಾತ್ರಿ ಹೋಟೆಲಿನಲ್ಲಿ ಮಲಗಿ, ಮರುದಿನ ಲಂಡನ್. ಪಂಚಾಂಗ ನೋಡಿದ ರಾಜೀವಿ ತಾನು ಬರುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಕೂತಳು. ಆಗ ತೃಷಾ ಅವಳ ಪಕ್ಕ ಕೂತು ಮಾತು ಕೊಟ್ಟಳು: "ದೋಹಾದಲ್ಲಿಯೂ ಕಡಲು ಉಂಟು ಅಜ್ಜಿ. ನಿಮ್ಮ ಕೈಯಿಂದ ಹಾಲು ಹಾಕಿಸುವ ಜವಾಬ್ದಾರಿ ನನ್ನದು."

ಆ ಮಾತನ್ನು ನಂಬಿ ರಾಜೀವಿ ಗಿರಿಯಪ್ಪ, ಮೊಮ್ಮಕ್ಕಳ ಜೊತೆ ಮೊದಲ ಬಾರಿಗೆ ವಿಮಾನ ಹತ್ತಿದಳು.

ದೋಹಾದ ವಿಮಾನ ನಿಲ್ದಾಣ ನೋಡಿ ತೃಷಾಳಿಗೆ ಅಜ್ಜಿಯ ಕತೆಗಳ ಪಾತಾಳಲೋಕದೊಳಗೆ ಬಂದಂತಾಯಿತು. ಕನ್ನಡಿಯಂತಹ ನೆಲ, ತಲೆಯ ಮೇಲೆ ಸದ್ದಿಲ್ಲದೆ ಓಡುವ ರೈಲು, ಗಾಜಿನ ಕೆಳಗೆ ಬೆಳೆದು ನಿಂತ ಕಾಡು. ಊರಿನ ಹಂಪನಕಟ್ಟೆಯ ಬಸ್ಸುಗಳ ನಡುವೆ ತಲೆಯ ಮೇಲೆ ಬುಟ್ಟಿ ಹೊತ್ತು ಯಾರಿಗೂ ಹೆದರದೆ ದಾರಿ ಮಾಡಿಕೊಳ್ಳುತ್ತಿದ್ದ ರಾಜೀವಿ ಇಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಕೊಳೆಯಾದೀತೆಂದು. ರಿತೇಶ್ ಅಕ್ಕಪಕ್ಕ ನೋಡಿ ಸಣ್ಣ ದನಿಯಲ್ಲಿ, ಚಪ್ಪಲಿ ಹಾಕಿಕೊಳ್ಳಲು ಬೇಡಿಕೊಂಡ. ಅವನ ಅಪ್ಪನ ಮದುವೆಯ ಚಪ್ಪರದಲ್ಲಿಯೂ ತಾನು ಇಷ್ಟು ಚೆಂದದ ನೆಲ ಕಾಣಲಿಲ್ಲ ಎಂದು ಅವಳು ಉತ್ತರ ಕೊಟ್ಟಳು.

ಹೋಟೆಲಿನ ಕೋಣೆ ಸೇರಿದವರೇ ಎಲ್ಲರೂ ದಣಿದು ಮಲಗಿಬಿಟ್ಟರು. ತೃಷಾ ಎದ್ದಾಗ ಬಿಸಿಲು ಓರೆಯಾಗಿತ್ತು. ಗಡಿಬಿಡಿಯಲ್ಲಿ ಕೆಳಗಿನ ಅಂಗಡಿಗೆ ಓಡಿ ಹಾಲಿನ ಬಾಟಲಿ ತಂದಳು. ಅದರ ಮೇಲೆ ಅರಬಿ ಅಕ್ಷರ.

"ಒಂಟೆಯ ಹಾಲು ಅಜ್ಜಿ," ಎಂದ ರಿತೇಶ್ ಗಂಭೀರವಾಗಿ. "ಕಡಲಿಗೆ ಭೇದಿ ಆಗ್ತದೆ."

"ನಿನಗೆ ಆಗ್ತದೆ," ಎಂದಳು ರಾಜೀವಿ. ಬಾಟಲಿಯ ಮೇಲಿನ ದನದ ಚಿತ್ರವನ್ನು ಕನ್ನಡಕ ಏರಿಸಿ ಪರೀಕ್ಷಿಸಿ, ಕೊಂಬು ಸರಿಯಾಗಿದೆಯೆಂದು ಒಪ್ಪಿದಳು.

ನಾಲ್ವರೂ ಬೀದಿಗಿಳಿದರು. ಕಡಲು ಯಾವ ಕಡೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ತೋಚಲೇ ಇಲ್ಲ. ಹುಟ್ಟಿದಾಗಿನಿಂದ ಸೂರ್ಯ ಇಳಿಯುವ ಕಡೆಗೆ ಕಡಲನ್ನು ಕಂಡವರು ಅವರು. ಮನೆಯ ಹಿತ್ತಿಲು ಯಾವ ಕಡೆ ಎಂದು ದಾರಿಹೋಕರನ್ನು ಕೇಳುವವರುಂಟೇ? ಸೂರ್ಯ ಕೆಂಪಾಗಿ ಕಟ್ಟಡಗಳ ಸಾಲಿನ ಹಿಂದೆ ಜಾರುತ್ತಿದ್ದ. ಆ ಸಾಲು ದಾಟಿದರೆ ಮರಳು, ಮರಳು ದಾಟಿದರೆ ನೀರು. ರಾಜೀವಿ ಹಾಲಿನ ಬಾಟಲಿಯನ್ನು ಎದೆಗೊತ್ತಿಕೊಂಡು ಮುಂದೆ, ಉಳಿದವರು ಅವಳ ಹಿಂದೆ. ತೃಷಾ ನಡೆಯುತ್ತಲೇ ಕಿವಿಯೊಳಗೆ ಅಲೆಯ ಸದ್ದು ಕಟ್ಟಿಕೊಳ್ಳುತ್ತಿದ್ದಳು.

ಕಟ್ಟಡದ ಸಾಲು ಮುಗಿಯಿತು. ಅಗಲವಾದ ರಸ್ತೆ ಬಂತು, ಅದರ ಮೇಲೆ ಸೇತುವೆಯಂತಹ ಇನ್ನೊಂದು ರಸ್ತೆ, ಆಚೆ ಬೇಲಿ ಹಾಕಿದ ಬಯಲು. ಬಯಲಿನ ತುದಿಯವರೆಗೂ ಬರೀ ಬೂದು ಮಣ್ಣು. ಆ ಮಣ್ಣಿನೊಳಗೆ, ಯಾವ ಸದ್ದೂ ಇಲ್ಲದೆ, ಒಂದು ಹನಿ ನೀರೂ ಸೋಕದೆ, ಸೂರ್ಯ ಇಳಿದುಹೋದ.

ತೃಷಾ ನೋಡುತ್ತ ನಿಂತಳು. ಸೂರ್ಯ ಒಣ ನೆಲದಲ್ಲಿಯೂ ಮುಳುಗಬಲ್ಲ ಎಂಬುದು ಅವಳಿಗೆ ಪುಸ್ತಕದಿಂದ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

ರಾಜೀವಿ ರಸ್ತೆಯಂಚಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಅಳಲಿಲ್ಲ, ಬೈಯಲಿಲ್ಲ. ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ಗಿರಿಯಪ್ಪನ ಅಂಗಿಯ ಚುಂಗು. ಬಿಟ್ಟರೆ ಈ ಕ್ಷಣವೇ ಯಾರೋ ಎಳೆದುಕೊಂಡು ಹೋಗುತ್ತಾರೆ ಎಂಬಂತೆ ಹಿಡಿದಿದ್ದಳು. ಗಿರಿಯಪ್ಪ ಅದನ್ನು ಬಿಡಿಸಿಕೊಳ್ಳಲು ನೋಡಿ, ಅವಳ ಮುಖ ಕಂಡು ಕೈ ಹಿಂದೆಗೆದ.

"ಕಡಲ್ ಓಲುಂಡು?" ಕಡಲು ಎಲ್ಲಿದೆ ಎಂದು ರಾಜೀವಿ ತುಳುವಿನಲ್ಲಿ ಕೇಳಿದಳು. ಯಾರನ್ನೂ ಅಲ್ಲ, ಆ ಬಯಲನ್ನು.

ಪಕ್ಕದ ಚಹಾ ಅಂಗಡಿಯೆದುರು ಕಾರಿಗೆ ಒರಗಿ ನಿಂತಿದ್ದ, ಗಡ್ಡ ನರೆತ ಮನುಷ್ಯನೊಬ್ಬ ಲೋಟ ಕೆಳಗಿಟ್ಟು ಬಂದ. ಹೆಸರು ಜಾಬಿರ್, ಅವರೂರಿನದೇ ಬಂದರಿನ ಗೋದಾಮುಗಳ ಹಿಂದಿನ ಓಣಿಯವ, ಇಲ್ಲಿ ಟ್ಯಾಕ್ಸಿ ಓಡಿಸುವುದು. ತುಳು ಕೇಳಿ ಅವನ ಕಾಲು ತಾನಾಗಿ ನಡೆದಿತ್ತಂತೆ. ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ರಾಜೀವಿ ಕೂರುತ್ತಿದ್ದ ಜಾಗ ಅವನಿಗೆ ನೆನಪಿತ್ತು. ತೃಷಾ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿದಳು. ಅವನಿಗೆ ಮೊದಲು ನಗು ಬಂತು, ಕಟ್ಟೆಯ ಮೇಲಿದ್ದವಳನ್ನು ನೋಡಿ ನಗು ನುಂಗಿದ.

"ನೀವು ಕಡಲಿಗೆ ಬೆನ್ನು ಹಾಕಿ ಬಂದದ್ದು ಮಾರಾಯ್ತಿ," ಎಂದ. "ಇಲ್ಲಿ ಕಡಲು ಮೂಡಣಕ್ಕೆ. ನಾನು ಬಂದ ಹೊಸದರಲ್ಲಿ ನಮಾಜಿಗೆ ನಿಲ್ಲುವಾಗಲೂ ದಿಕ್ಕು ತಪ್ಪುತ್ತಿತ್ತು. ಕಾರಿನಲ್ಲಿ ಕೂತುಕೊಳ್ಳಿ."

ಸೂರ್ಯ ಮುಳುಗಿಯಾಯಿತು, ಇನ್ನು ಹೋಗಿ ಎಂತ ಮಾಡುವುದು ಎಂದಳು ರಾಜೀವಿ. ಆದರೆ ತೃಷಾ ಕೊಟ್ಟ ಮಾತಿನಲ್ಲಿ ಸೂರ್ಯನ ಹೆಸರಿರಲಿಲ್ಲ, ಕಡಲಿನ ಹೆಸರಿತ್ತು. ಅವಳು ಅಜ್ಜಿಯನ್ನು ಕೈಹಿಡಿದು ಎಬ್ಬಿಸಿ ಕಾರಿನಲ್ಲಿ ಕೂರಿಸಿದಳು. ಅಜ್ಜನ ಅಂಗಿಯೂ ಜೊತೆಗೇ ಬಂತು.

ದಾರಿಯಲ್ಲಿ ರಾಜೀವಿ ಕೇಳಿದ್ದು ಒಂದೇ ಮಾತು, ಇದು ನಮ್ಮ ಕಡಲು ಹೌದಾ ಎಂದು. ಜಾಬಿರ್ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಗಾಳಿಯಲ್ಲಿ ಭೂಪಟ ಬರೆದ. ಇದು ಕಡಲಿನ ಒಳಕೋಣೆ, ಆಚೆ ಒಂದು ಇಕ್ಕಟ್ಟಿನ ಬಾಗಿಲುಂಟು, ನಮ್ಮ ಕಡಲಿನ ನೀರೇ ಆ ಬಾಗಿಲಿನಿಂದ ಒಳಗೆ ಬರುವುದು, ಎಂದ. ರಾಜೀವಿ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಕಾರು ನಿಂತಲ್ಲಿ ಮರಳು ಇನ್ನೂ ಬೆಚ್ಚಗಿತ್ತು. ನೀರು ಎಷ್ಟು ಶಾಂತವಾಗಿತ್ತೆಂದರೆ ಯಾರೋ ಹಾಸಿ ಅಂಚು ಮಡಚಿದ ಹಾಗಿತ್ತು. ಅಬ್ಬರಿಸುವ ಕಡಲನ್ನೇ ಕಂಡ ನಾಲ್ವರೂ, ಮಲಗಿದ ಮಗುವಿರುವ ಕೋಣೆಗೆ ಬಂದವರಂತೆ ಹೆಜ್ಜೆ ಸಣ್ಣದು ಮಾಡಿದರು.

ಆಗ ನೀರಿನ ಆ ತುದಿ ಕೆಂಪಾಯಿತು. ದೂರದಲ್ಲಿ ಹಡಗಿಗೆ ಬೆಂಕಿ ಬಿತ್ತೆಂದುಕೊಂಡಳು ತೃಷಾ. ಕೆಂಪು ಉಬ್ಬಿತು, ದುಂಡಗಾಯಿತು, ಒದ್ದೆಯಾಗಿ, ಭಾರವಾಗಿ, ತಾಮ್ರದ ಕೊಪ್ಪರಿಗೆಯ ಹಾಗೆ ನೀರಿನೊಳಗಿನಿಂದ ಮೇಲೆದ್ದಿತು. ಹುಣ್ಣಿಮೆಯ ಚಂದ್ರ. ಅದರ ಕೆಳಗಿನಿಂದ ಒಂದು ಬೆಳಕಿನ ದಾರಿ ನೀರಿನ ಮೇಲೆ ಉರುಳುತ್ತ ಬಂದು ಅವರ ಕಾಲ ಬಳಿ ನಿಂತಿತು. ರಿತೇಶ್ ಫೋನ್ ಎತ್ತಿದವನು ಫೋಟೊ ತೆಗೆಯದೆ ಕೈ ಕೆಳಗಿಳಿಸಿದ.

"ನಮ್ಮಲ್ಲಿ ಇದು ಬಿಕರ್ನಕಟ್ಟೆ ಕಡೆಯಿಂದ ಅಲ್ಲವಾ ಬರುವುದು," ಎಂದಳು ರಾಜೀವಿ. "ಮನೆಗಳ ಮೇಲಿನಿಂದ. ನೀರಿನಿಂದ ಬರುವುದನ್ನು ನಾನು ಕಾಣಲೇ ಇಲ್ಲ."

"ನಾನು ಕಂಡಿದ್ದೇನೆ," ಎಂದ ಗಿರಿಯಪ್ಪ.

ಎಲ್ಲರೂ ಅವನನ್ನು ನೋಡಿದರು. ಆ ದಿನಗಳ ಬಗ್ಗೆ ಅವನು ಎಂದೂ ಬಾಯಿ ಬಿಟ್ಟವನಲ್ಲ. ಕತೆ ಹೇಳಿದ್ದೆಲ್ಲ ರಾಜೀವಿಯೇ. ಅವಳಿಗೆ ಗೊತ್ತಿದ್ದದ್ದು ದಡದ ಕತೆ ಮಾತ್ರ.

"ಹಲಗೆ ಮೇಲೆ ಇರುವಾಗ," ಎಂದ ಅವನು. "ಸುತ್ತ ನೀರು. ಮನೆ ಯಾವ ಕಡೆ ಅಂತ ಗೊತ್ತಿಲ್ಲ, ತಲೆ ಕೆಟ್ಟು ಹೋಗಿತ್ತು. ಬಿಟ್ಟುಬಿಡುವ ಅಂತ ಕಣ್ಣು ಮುಚ್ಚಿದ್ದೆ. ತೆರೆಯುವಾಗ ಇದು ಹೀಗೇ ನೀರಿನಿಂದ ಬಂತು. ಇದು ಬರುವ ಕಡೆಯೇ ನೀನಿರುವುದು ಅಂತ ಆಗ ನೆನಪಾಯಿತು. ಕೈಯಲ್ಲಿ ನೀರು ತಳ್ಳಿಕೊಂಡು ಇದರ ಹಿಂದೆ ಬಂದೆ." ಅದೇ ಚಂದ್ರನತ್ತ ಕೈ ತೋರಿಸಿದ. "ಈಗಲೂ ಮನೆ ಆ ಕಡೆಯೇ ಇರುವುದು. ಜಾಬಿರಣ್ಣನನ್ನು ಬೇಕಾದರೆ ಕೇಳು."

ಜಾಬಿರ್ ಹೌದೆಂದು ತಲೆಯಾಡಿಸಿದ.

ರಾಜೀವಿಯ ಬೆರಳುಗಳು ಅಂಗಿಯ ಚುಂಗನ್ನು ಬಿಟ್ಟವು. ಅವಳು ಚಪ್ಪಲಿ ಕಳಚಿ, ಸೀರೆ ಎತ್ತಿ ಸಿಕ್ಕಿಸಿ, ನೀರಿಗಿಳಿದಳು. ಮೊಣಕಾಲು ಮುಳುಗುವಲ್ಲಿ ನಿಂತಳು. ಬಾಟಲಿಯ ಮುಚ್ಚಳ ಅವಳ ಕೈಯಲ್ಲಿ ತಿರುಗಲಿಲ್ಲ. ತೃಷಾ ಬಟ್ಟೆ ನೆನೆಯುವುದನ್ನು ಲೆಕ್ಕಿಸದೆ ಇಳಿದು ಹೋಗಿ, ಮುಚ್ಚಳ ತೆರೆದುಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು.

ರಾಜೀವಿ ತುಟಿಯೊಳಗೆ ಏನೋ ಹೇಳಿದಳು. ಅದು ಅವಳಿಗೂ ಕಡಲಿಗೂ ಸೇರಿದ್ದು. ಆಮೇಲೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಬಗ್ಗಿಸಿದಳು. ಹಾಲು ಬಿಳಿಯ ದಾರದಂತೆ ಇಳಿದು ಆ ಬೆಳಕಿನ ದಾರಿಯ ಮೇಲೆ ಬಿದ್ದು, ಹರಡಿ, ಮೆಲ್ಲಗೆ ಮನೆಯ ಕಡೆಗೆ ಹೊರಟಿತು. ಕೊನೆಯ ಹನಿ ಬೀಳುವವರೆಗೂ ಅವಳು ಕೈ ಇಳಿಸಲಿಲ್ಲ.